ಸೂಟ್‌ಕೇಸ್ ಆಮೇಲೆ, ಮೊದಲು ಕೈಚೀಲ

ಪ್ರಶ್ನೆ: ನನಗೆ 58 ವರ್ಷ, ನಮ್ಮವರಿಗೆ 64. ದಾವಣಗೆರೆಯಲ್ಲಿದ್ದೇವೆ. ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಬರುವ ಸೆಪ್ಟೆಂಬರ್‌ಗೆ ಮೂವರಿಗೂ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾನೆ. ರೋಮ್ ಹತ್ತಿರದ ಚಿವಿತಾವೆಕ್ಕಿಯಾ ಬಂದರಿನಿಂದ ಹೊರಟು ಗ್ರೀಸ್‌ನ ಸ್ಯಾಂಟೊರಿನಿ, ಟರ್ಕಿಯ ಕುಶಾದಾಸಿ, ಗ್ರೀಸ್‌ನದೇ ಮಿಕೊನೊಸ್, ಇಟಲಿಯ ನೇಪಲ್ಸ್ ನೋಡಿ ಮತ್ತೆ ಅಲ್ಲಿಗೇ ವಾಪಸ್. ನಾವಿಬ್ಬರೂ ಹಡಗನ್ನು ದೂರದಿಂದ ನೋಡಿದವರೇ ಹೊರತು ಹತ್ತಿದವರಲ್ಲ. ನಮ್ಮವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ನನಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಕೋಟು, ಗೌನು ಇಲ್ಲದಿದ್ದರೆ ಊಟಕ್ಕೆ ಬಿಡುವುದಿಲ್ಲ, ರೈಸ್ ಕುಕ್ಕರ್ ಒಯ್ಯದಿದ್ದರೆ ಉಪವಾಸವೇ ಗತಿ ಎಂದು ಓರಗಿತ್ತಿ ಹೆದರಿಸಿದ್ದಾಳೆ. ವಾರವಿಡೀ ವಾಂತಿ ಗ್ಯಾರಂಟಿ ಅನ್ನುವುದು ಪಕ್ಕದ ಮನೆಯವರ ಮಾತು. ಮಗ ಮಾತ್ರ ‘ಒಂದು ಸಣ್ಣ ಸೂಟ್‌ಕೇಸ್ ಸಾಕಮ್ಮ’ ಎನ್ನುತ್ತಾನೆ. ಮಂಚದ ಮೇಲೆ ಮೂರು ಸೂಟ್‌ಕೇಸ್ ಬಾಯಿ ತೆರೆದುಕೊಂಡು ಕೂತಿವೆ. ಏನು ತುಂಬಲಿ, ಏನು ಬಿಡಲಿ? ನಾವು ತಡವಾದರೆ ಹಡಗು ಬಿಟ್ಟೇ ಹೋಗುತ್ತದಂತೆ, ಹೌದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಬಿಟ್ಟು ಹೋಗುತ್ತದೆ. ಅದರ ವಿವರ ಮುಂದೆ ಬರುತ್ತದೆ. ಉಳಿದ ಭಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಹುಟ್ಟಿಕೊಂಡವು.

ನಾನು ಕುಂದಾಪುರದ ಕಡೆಯವನು. ಒಂಬತ್ತು ವರ್ಷ ಹಡಗಿನ ರಿಸೆಪ್ಶನ್ ಕೌಂಟರಿನ ಹಿಂದೆ ನಿಂತಿದ್ದೇನೆ. ಈಗ ಊರಲ್ಲಿ ಕೂತು ಹೋಗುವವರಿಗೆ ದಾರಿ ಹೇಳುತ್ತೇನೆ. ಆ ಕೌಂಟರಿಗೆ ಜನ ಬರುವುದು ಖುಷಿ ಹಂಚಿಕೊಳ್ಳಲು ಅಲ್ಲ, ಏನೋ ಎಡವಟ್ಟಾದಾಗ. ಹಾಗಾಗಿ ಎಲ್ಲೆಲ್ಲಿ ಎಡವಟ್ಟಾಗುತ್ತದೆ ಎಂಬುದು ನನಗೆ ಬಾಯಿಪಾಠ.

ಒಂದು ರಾತ್ರಿಯ ಕತೆ ಕೇಳಿ. ಹಡಗು ಹೊರಟು ನಾಲ್ಕು ಗಂಟೆಯಾಗಿತ್ತು. ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಕೌಂಟರಿಗೆ ಬಂದರು. ವಿಮಾನದಲ್ಲಿ ಹಾಕಿದ್ದ ಬಟ್ಟೆಯೇ ಮೈಮೇಲಿತ್ತು. ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ‘ನೀವು ನಮ್ಮ ಕಡೆಯವರಾ?’ ಎಂದು ಕನ್ನಡದಲ್ಲೇ ಕೇಳಿದರು. ಅವರ ಸೂಟ್‌ಕೇಸ್ ಕ್ಯಾಬಿನ್‌ಗೆ ಬಂದಿರಲಿಲ್ಲ. ಬಿಪಿ ಮಾತ್ರೆ ಅದರಲ್ಲೇ ಇತ್ತು. ಸೆಕ್ಯುರಿಟಿ ಕೋಣೆಗೆ ಫೋನ್ ಮಾಡಿದೆ. ಅಲ್ಲಿತ್ತು. ಸ್ಕ್ಯಾನರ್‌ನಲ್ಲಿ ಸುರುಳಿಯಂಥದ್ದೇನೋ ಕಂಡು ತಡೆದಿದ್ದರು. ಕೆಳಗೆ ಹೋಗಿ ಅವರೆದುರೇ ತೆರೆದರೆ, ಟವಲಿನಲ್ಲಿ ಸುತ್ತಿಟ್ಟ ನೀರು ಕಾಯಿಸುವ ಕಾಯಿಲ್! ಬೆಳಗಿನ ಕಾಫಿಗೆ ಅಂತ ತಂದಿದ್ದರು.

ಕಾಯಿಲ್ ಹೋಗಲಿ ಬಿಡಿ. ಮಾತ್ರೆ ಆ ಸೂಟ್‌ಕೇಸಿನಲ್ಲಿ ಇದ್ದದ್ದೇ ಅಸಲಿ ತಪ್ಪು.

ಕ್ರೂಸ್ ಪ್ರಯಾಣ ಹೋಟೆಲ್ ವಾಸದಂತಲ್ಲ. ಬಂದರಿನ ಬಾಗಿಲಲ್ಲೇ ದೊಡ್ಡ ಪೆಟ್ಟಿಗೆಯನ್ನು ಕೂಲಿಗಳ ಕೈಗೆ ಕೊಡುತ್ತೀರಿ. ಅದು ಸ್ಕ್ಯಾನ್ ಆಗಿ, ಡೆಕ್ (ಹಡಗಿನ ಮಹಡಿ) ಪ್ರಕಾರ ವಿಂಗಡಣೆಯಾಗಿ ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ. ಕೊನೆಯ ರಾತ್ರಿ ಮತ್ತೆ ಅದನ್ನು ಹೊರಗಿಡಬೇಕು. ನಡುವೆ ಊರು ನೋಡಲು ಇಳಿದಾಗಲೂ ಅದು ಜೊತೆಗಿರುವುದಿಲ್ಲ. ಏನೇ ತೊಂದರೆಯಾದರೂ ಸೂಟ್‌ಕೇಸ್ ಕೈಲಿಲ್ಲದ ಹೊತ್ತಿನಲ್ಲೇ ಆಗುವುದು. ಅದಕ್ಕೇ ಎಲ್ಲರಿಗೂ ನಾನು ಹೇಳುವುದು ಒಂದೇ: ಮೊದಲು ಕೈಚೀಲ ತುಂಬಿ, ಆಮೇಲೆ ಸೂಟ್‌ಕೇಸ್.

ನಿಮ್ಮಿಬ್ಬರಿಗೂ ಒಂದೊಂದು ಬೆನ್ನಿಗೆ ಹಾಕುವ ಚೀಲ ಇರಲಿ. ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್, ಹಡಗಿನ ಬೋರ್ಡಿಂಗ್ ಕಾಗದ, ಕನ್ನಡಕ, ಚಾರ್ಜರ್, ಪವರ್ ಬ್ಯಾಂಕ್, ಒಂದು ಜೊತೆ ಬಟ್ಟೆ, ಒಂದು ಶಾಲು. ಪವರ್ ಬ್ಯಾಂಕ್ ವಿಮಾನದಲ್ಲೂ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಜೆರಾಕ್ಸ್ ಇಬ್ಬರ ಚೀಲದಲ್ಲೂ ಇರಲಿ. ಕೆಲವು ಮಾರ್ಗಗಳಲ್ಲಿ ಹಡಗಿನವರೇ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ. ಆಗ ಗಾಬರಿಯಾಗಬೇಡಿ, ಅದು ಮಾಮೂಲು.

ಇನ್ನು ಇನ್ಸುಲಿನ್. ಇದನ್ನು ಲಗೇಜಿಗೆ ಹಾಕಲೇಬಾರದು. ವಿಮಾನದ ಹೊಟ್ಟೆಯಲ್ಲಿ ತಣ್ಣಗೆ ಹೆಪ್ಪುಗಟ್ಟಿದರೆ ಔಷಧಿ ಕೆಟ್ಟಂತೆಯೇ. ಡಾಕ್ಟರರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಔಷಧಿಯ ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಹೆಸರೂ, ಸೂಜಿ ಒಯ್ಯುತ್ತಿರುವ ವಿಷಯವೂ ಅದರಲ್ಲಿರಲಿ. ದಾವಣಗೆರೆಯ ಬ್ರ್ಯಾಂಡ್ ನೇಪಲ್ಸ್‌ನ ಫಾರ್ಮಸಿಯವನಿಗೆ ಗೊತ್ತಿರುವುದಿಲ್ಲ. ಪ್ರಯಾಣದ ದಿನಗಳಿಗೆ ಬೇಕಾದಷ್ಟು, ಅದರ ಮೇಲೆ ಒಂದು ವಾರದ್ದು ಜಾಸ್ತಿ. ಅದನ್ನು ಎರಡು ಪಾಲು ಮಾಡಿ ಇಬ್ಬರ ಚೀಲದಲ್ಲೂ ಇಡಿ. ಒಂದು ಚೀಲ ಕಳೆದರೂ ಇನ್ನೊಂದು ಇರುತ್ತದಲ್ವಾ?

ಕ್ಯಾಬಿನ್‌ನಲ್ಲಿರುವ ಪುಟ್ಟ ಫ್ರಿಜ್ ನಂಬಬೇಡಿ. ಜ್ಯೂಸ್ ತಂಪಾಗಿಡುವುದಷ್ಟೇ ಅದರ ಯೋಗ್ಯತೆ. ಔಷಧಿಗೆ ಬೇರೆ ಫ್ರಿಜ್ ಬೇಕೆಂದು ಮಗ ಈಗಲೇ ಕಂಪನಿಗೆ ಬರೆಯಲಿ. ಬಳಸಿದ ಸೂಜಿ ಹಾಕಲು ಡಬ್ಬಿಯನ್ನೂ ಕೇಳಲಿ. ತೆರೆದು ಬಳಸುತ್ತಿರುವ ಪೆನ್ ಸಾಮಾನ್ಯವಾಗಿ ಕೋಣೆಯ ತಾಪದಲ್ಲಿ ನಾಲ್ಕು ವಾರ ತಡೆಯುತ್ತದೆ, ಆದರೂ ನಿಮ್ಮ ಪೊಟ್ಟಣದೊಳಗಿನ ಚೀಟಿ ಓದಿಕೊಳ್ಳಿ. ಇನ್ನೊಂದು ಮುಖ್ಯ ವಿಷಯ ಗಡಿಯಾರ. ಸೆಪ್ಟೆಂಬರ್‌ನಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಗ್ರೀಸ್ ಮತ್ತು ಟರ್ಕಿ ಎರಡೂವರೆ ಗಂಟೆ ಹಿಂದೆ. ವಿಮಾನದ ದಿನ ಯಾವ ಹೊತ್ತಿಗೆ ಎಷ್ಟು ಯೂನಿಟ್ ಎಂದು ಡಾಕ್ಟರರ ಹತ್ತಿರ ಬರೆಸಿಕೊಳ್ಳಿ. ಇದನ್ನು ನಾನೂ ಹೇಳುವಂತಿಲ್ಲ, ಇಂಟರ್ನೆಟ್ಟೂ ಹೇಳುವಂತಿಲ್ಲ.

ಬಟ್ಟೆಬರೆಗಿಂತ ಮೊದಲು ಇನ್ನೊಂದನ್ನು ನೋಡಿ. ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿಯೇ ಇಲ್ಲ, ನನಗೆ ಹೆಚ್ಚು ಭಯ ಇರುವುದೇ ಅದರ ಮೇಲೆ. ವೀಸಾ.

ನಿಮ್ಮ ಹಡಗು ಕುಶಾದಾಸಿಗೆ ಹೋಗುತ್ತದೆ. ಇಟಲಿ, ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುತ್ತದೆ, ಆ ಗುಂಪಿಗೆ ಷೆಂಗನ್ ಅಂತ ಹೆಸರು. ಟರ್ಕಿ ಅದರೊಳಗಿಲ್ಲ. ಅಂದರೆ ನೀವು ಒಮ್ಮೆ ಷೆಂಗನ್ ಬಿಟ್ಟು ಹೊರಗೆ ಹೋಗಿ, ಮಿಕೊನೊಸ್‌ನಲ್ಲಿ ಮತ್ತೆ ಒಳಗೆ ಬರುತ್ತೀರಿ. ಒಂದೇ ಪ್ರವೇಶದ ವೀಸಾ ಇದ್ದರೆ ಅದು ಕುಶಾದಾಸಿಯಲ್ಲೇ ಮುಗಿಯಿತು. ಹಡಗಿನವರು ಅಲ್ಲಿಯವರೆಗೂ ಕಾಯುವುದಿಲ್ಲ, ಚಿವಿತಾವೆಕ್ಕಿಯಾದ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಪೆಟ್ಟಿಗೆ ಒಳಗೆ ಹೋಗಿ, ಯಜಮಾನರು ಹೊರಗೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ದುಡ್ಡೂ ವಾಪಸ್ ಬರುವುದಿಲ್ಲ. ಅರ್ಜಿಯಲ್ಲೇ ಮಲ್ಟಿಪಲ್ ಎಂಟ್ರಿ ಕೇಳಿ, ಹಡಗಿನ ಪೂರ್ತಿ ಮಾರ್ಗದ ಕಾಗದ ಲಗತ್ತಿಸಿ. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಸ್ಟಿಕ್ಕರ್ ಮೇಲೆ ಪ್ರವೇಶದ ಸಂಖ್ಯೆ ನೋಡಿ. 01 ಅಂತಿದ್ದರೆ ಸಾಲದು. 02 ಅಥವಾ ‘ಮಲ್ಟ್’ ಅಂತಿರಬೇಕು.

ಅರ್ಜಿಯನ್ನು ಆರು ತಿಂಗಳು ಮೊದಲಿನಿಂದಲೇ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೊ. ವೀಸಾ ಅರ್ಜಿ ತೆಗೆದುಕೊಳ್ಳುವ ಕಂಪನಿ ವಿಎಫ್‌ಎಸ್‌ನ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ಇನ್ಶೂರೆನ್ಸ್ ಕಡ್ಡಾಯ. ಇಲ್ಲಿ ಚೌಕಾಸಿ ಬೇಡ. ಸಕ್ಕರೆ ಕಾಯಿಲೆ ಇದೆ ಎಂದು ಬರೆದೇ ಪಾಲಿಸಿ ಮಾಡಿಸಿ, ಅದರಲ್ಲಿ ಕ್ರೂಸ್ ಸೇರಿದೆಯೇ ಅಂತ ಕೇಳಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಪುಕ್ಕಟೆ ಅಲ್ಲ. ಒಂದು ಡ್ರಿಪ್ ಹಾಕಿಸಿಕೊಂಡವರ ಬಿಲ್ ನೋಡಿ ನನಗೇ ತಲೆ ತಿರುಗಿದ್ದುಂಟು. ಟರ್ಕಿಯ ಮಟ್ಟಿಗೆ, ಬಂದರಿನಲ್ಲಿ ಇಳಿದು ಅದೇ ಹಡಗಿಗೆ ವಾಪಸಾಗುವ ಕ್ರೂಸ್ ಪ್ರಯಾಣಿಕರಿಗೆ ವೀಸಾ ವಿನಾಯಿತಿ ಇದೆ. ಆದರೂ ಕೆಲವು ಕಂಪನಿಗಳು ಸರ್ಕಾರಕ್ಕಿಂತ ಬಿಗಿ. ಭಾರತೀಯ ಪಾಸ್‌ಪೋರ್ಟಿಗೆ ಏನು ಬೇಕು ಎಂದು ಮಗ ಮೇಲ್ ಮಾಡಿ ಉತ್ತರ ತರಿಸಿಕೊಳ್ಳಲಿ. ಫೋನಿನಲ್ಲಿ ಹೇಳಿದ್ದು ಕೌಂಟರಿನಲ್ಲಿ ನಡೆಯುವುದಿಲ್ಲ.

ಈಗ ಓರಗಿತ್ತಿಯ ಗೌನು.

ಇದು ಪೂರ್ತಿ ಸುಳ್ಳಲ್ಲ, ಹಳೆಯ ಸತ್ಯ. ಹಿಂದೆ ಆ ಪದ್ಧತಿ ಇತ್ತು. ಈಗ ವಾರದಲ್ಲಿ ಒಂದೆರಡು ರಾತ್ರಿ ‘ಫಾರ್ಮಲ್ ನೈಟ್’ ಅಂತಿರುತ್ತದೆ, ಅಷ್ಟೆ. ಬಹಳಷ್ಟು ಹಡಗುಗಳಲ್ಲಿ ಕೋಟು ಕಡ್ಡಾಯವಲ್ಲ. ಇಸ್ತ್ರಿ ಮಾಡಿದ ತುಂಬು ತೋಳಿನ ಅಂಗಿ, ಪ್ಯಾಂಟು, ಶೂ ಸಾಕು. ಅದೂ ಬೇಡವೆಂದರೆ ಆ ರಾತ್ರಿ ಮೇಲಿನ ಬಫೆಗೆ ಹೋಗಿ, ಯಾರೂ ಕೇಳುವುದಿಲ್ಲ. ನಿಮಗಂತೂ ಗೌನ್ ಯಾಕೆ? ಒಂದು ಇಳಕಲ್ ಸೀರೆ ಒಯ್ಯಿರಿ. ಮಡಿಸಿದರೆ ಅಂಗೈಯಗಲ ಜಾಗ ಸಾಕು. ಫೋಟೊ ತೆಗೆಯುವವನು ನಿಮ್ಮನ್ನೇ ಹುಡುಕಿಕೊಂಡು ಬರದಿದ್ದರೆ ಕೇಳಿ.

ಆದರೆ ಊರು ನೋಡಲು ಇಳಿಯುವ ದಿನ ಚೂಡಿದಾರವೇ ವಾಸಿ. ಡೆಕ್ ಮೇಲೆ ಗಾಳಿ ಜೋರು, ದೋಣಿ ಹತ್ತುವಾಗ ನೆರಿಗೆ ಕಾಲಿಗೆ ಸಿಗುತ್ತದೆ. ಹಗುರ ಹತ್ತಿಯವು ನಾಲ್ಕೈದು ಜೊತೆ ಸಾಕು. ರಾತ್ರಿ ತೊಳೆದು ಬಾತ್‌ರೂಮಿನ ದಾರಕ್ಕೆ ಹಾಕಿದರೆ ತೆಳು ಬಟ್ಟೆ ಬೆಳಗಿನೊಳಗೆ ಒಣಗುತ್ತದೆ. ಸೆಪ್ಟೆಂಬರ್‌ನಲ್ಲಿ ಆ ಕಡೆ ಹಗಲು ನಮ್ಮ ಮಾಗಿ ಕಳೆದ ಮೇಲಿನ ದಿನಗಳ ಹಾಗೆ, ಹಿತವಾಗಿ ಬೆಚ್ಚಗಿರುತ್ತದೆ. ಚಳಿ ಇರುವುದು ಹಡಗಿನ ಒಳಗೆ, ಎಸಿಯದ್ದು. ಅದಕ್ಕೇ ಶಾಲು. ಇದೇ ಶಾಲು ರೋಮ್‌ನಲ್ಲೂ ಕೆಲಸಕ್ಕೆ ಬರುತ್ತದೆ. ಸೇಂಟ್ ಪೀಟರ್ಸ್ ಬೆಸಿಲಿಕಾ ಒಳಗೆ ಹೋಗಲು ಭುಜ, ಮೊಣಕಾಲು ಮುಚ್ಚಿರಬೇಕು. ನಮ್ಮವರು ಈಜುಕೊಳಕ್ಕೆ ಪಂಚೆ, ನೈಟಿಯಲ್ಲಿ ಇಳಿಯಲು ಹೋಗಿ ತಡೆಸಿಕೊಳ್ಳುವುದುಂಟು. ಇಳಿಯುವ ಆಸೆ ಇದ್ದರೆ ಈಜುಬಟ್ಟೆಯೇ ಬೇಕು.

ಎಲ್ಲಕ್ಕಿಂತ ಮುಖ್ಯ ಚಪ್ಪಲಿ, ಶೂ. ನೇಪಲ್ಸ್ ಹತ್ತಿರದ ಪಾಳುನಗರ ಪಾಂಪೇಯಲ್ಲಿ ಎರಡು ಸಾವಿರ ವರ್ಷದ ಕಲ್ಲುಚಪ್ಪಡಿ ರಸ್ತೆ, ಎತ್ತರ ತಗ್ಗು. ಕುಶಾದಾಸಿಯಿಂದ ನೋಡಲು ಹೋಗುವ ಹಳೆಯ ನಗರ ಎಫೆಸಸ್‌ನಲ್ಲಿ ಅಮೃತಶಿಲೆಯ ರಸ್ತೆ, ಜನ ನಡೆದು ನಡೆದು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಹಿಡಿತ ಇರುವ ಶೂ ಈಗಲೇ ಕೊಂಡು, ದಿನಾ ಬೆಳಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ನಡೆದು ಹದ ಮಾಡಿಕೊಳ್ಳಿ. ಹೊಸ ಶೂ ಹಾಕಿಕೊಂಡು ವಿಮಾನ ಹತ್ತಬೇಡಿ. ನಿಮ್ಮ ಯಜಮಾನರಿಗೆ ಇದು ಇನ್ನೂ ಮುಖ್ಯ. ಸಕ್ಕರೆ ಕಾಯಿಲೆಯವರ ಕಾಲಲ್ಲಿ ಬೊಬ್ಬೆ ಎದ್ದರೆ ಅದು ಸಣ್ಣ ವಿಷಯವಲ್ಲ.

ಊಟದ ಮಾತಿಗೆ ಬರೋಣ. ರೈಸ್ ಕುಕ್ಕರ್, ಕೆಟಲ್, ಕಾಯಿಲ್, ಇಸ್ತ್ರಿಪೆಟ್ಟಿಗೆ ಇವನ್ನೆಲ್ಲ ಹಡಗಿಗೆ ಬಿಡುವುದಿಲ್ಲ. ಊದುಬತ್ತಿ, ದೀಪವೂ ಇಲ್ಲ. ಕಾರಣ ಇಷ್ಟೇ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡಲು ಜಾಗ ಇಲ್ಲ. ದಿನಾ ದೀಪ ಹಚ್ಚುವ ಅಭ್ಯಾಸವಿದ್ದರೆ ಬ್ಯಾಟರಿಯ ಪುಟ್ಟ ದೀಪ ಇಟ್ಟುಕೊಳ್ಳಿ, ಮನಸ್ಸಿಗೂ ಸಮಾಧಾನ, ಸೆಕ್ಯುರಿಟಿಗೂ ಸಮಾಧಾನ.

ಉಪವಾಸದ ಮಾತು ಮಾತ್ರ ಶುದ್ಧ ಸುಳ್ಳು. ಅನ್ನ, ಬ್ರೆಡ್ಡು, ಹಣ್ಣು, ಮೊಸರು, ಸಲಾಡ್, ಪಾಸ್ತಾ ದಿನಾ ಇರುತ್ತವೆ. ತುಂಬಾ ಹಡಗುಗಳ ಅಡುಗೆಮನೆಯಲ್ಲಿ ಭಾರತೀಯ ಬಾಣಸಿಗರೇ ಇದ್ದಾರೆ. ಮಾಡಬೇಕಾದದ್ದು ಎರಡು. ಬುಕಿಂಗ್‌ನಲ್ಲೇ ‘ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ’ ಎಂದು ಮೂರನ್ನೂ ಬಿಡಿಸಿ ಬರೆಸಿ. ಬರೀ ‘ವೆಜ್’ ಅಂದರೆ ಅಲ್ಲಿ ಮೀನು ನಡೆಯುತ್ತದೆ ಅಂದುಕೊಳ್ಳುವವರಿದ್ದಾರೆ. ಎರಡನೆಯದು, ಮೊದಲ ರಾತ್ರಿಯೇ ಊಟದ ಹಾಲಿನ ಮೇಲ್ವಿಚಾರಕರನ್ನು ಕಂಡು ಮಾತಾಡಿ. ಮರುದಿನದ ಮೆನು ಹಿಂದಿನ ರಾತ್ರಿಯೇ ತೋರಿಸಿ, ನಿಮಗೆ ಬೇಕಾದಂತೆ ಮಾಡಿಸುತ್ತಾರೆ. ಹೀಗೆ ಕೇಳಿದವರು ಮೂರನೆಯ ದಿನ ಬೇಳೆಸಾರು ಅನ್ನ ಉಂಡದ್ದು ನೋಡಿದ್ದೇನೆ.

ಹುಷಾರಾಗಿರಬೇಕಾದ್ದು ಸೂಪ್ ಮತ್ತು ರಿಸೊಟ್ಟೊ (ಇಟಲಿಯವರ ಮೆತ್ತನೆಯ ಅನ್ನದ ಅಡುಗೆ) ವಿಷಯದಲ್ಲಿ. ಮೇಲೆ ತರಕಾರಿಯೇ ಕಾಣುತ್ತದೆ, ಆದರೆ ಬೇಯಿಸಿದ ನೀರು ಕೋಳಿ ಅಥವಾ ದನದ ಮೂಳೆಯ ಸಾರಾಗಿರಬಹುದು. ಪಾರ್ಮೆಜಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಇದನ್ನು ತಿನ್ನುವುದು ಬಿಡುವುದು ನಿಮ್ಮ ಮನಸ್ಸು, ಗೊತ್ತಿದ್ದರೆ ಒಳ್ಳೆಯದು ಅಂತ ಹೇಳಿದೆ. ನೇಪಲ್ಸ್‌ನಲ್ಲಿ ಇಳಿದಾಗ ‘ಮರಿನಾರಾ’ ಪಿಟ್ಜಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಇಷ್ಟೇ. ಚೀಸ್ ಕೂಡ ಇರುವುದಿಲ್ಲ. ಅನುಮಾನ ಬಂದ ಕಡೆ ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಅನ್ನಿ, ಮಾಂಸ ಬೇಡ, ಮೀನು ಬೇಡ ಅಂತ.

ಊರಿನಿಂದ ತಿಂಡಿ ಒಯ್ಯಬಾರದೇ? ಒಯ್ಯಿರಿ, ಆದರೆ ಲೆಕ್ಕ ಹಾಕಿ. ಮನೆಯಲ್ಲಿ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದನ್ನು ಹಡಗಿನವರು ತೆಗೆದಿಡಬಹುದು. ಸೀಲ್ ಆಗಿ ಲೇಬಲ್ ಇರುವ ಪೊಟ್ಟಣಗಳಿಗೆ ತಕರಾರು ಕಡಿಮೆ. ನನ್ನ ಕೇಳಿದರೆ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯ ಪ್ರಯಾಣದ ಊಟ ಇಲ್ಲ. ಒಲೆ ಬೇಡ, ಚೆಲ್ಲುವುದಿಲ್ಲ, ಹಳಸುವುದಿಲ್ಲ. ಹಡಗಿನ ಸಪ್ಪೆ ಪಾಸ್ತಾದ ಮೇಲೆ ಅದೇ ಚಟ್ನಿಪುಡಿ ಉದುರಿಸಿ ನೋಡಿ. ಮಂಡಕ್ಕಿ ಮಾತ್ರ ಬೇಡ. ತೂಕ ಇಲ್ಲದಿದ್ದರೂ ಅರ್ಧ ಪೆಟ್ಟಿಗೆ ನುಂಗುತ್ತದೆ.

ಬಿಡಬೇಕಾದವು ಕೆಲವಿವೆ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಗೆ ಒಯ್ಯುವಂತಿಲ್ಲ. ಹಾಗಾಗಿ ತುಪ್ಪದ ಡಬ್ಬಿ, ಪೇಡ ಬೇಡ. ಹಸಿ ಕರಿಬೇವು, ಹಣ್ಣು, ತರಕಾರಿಯೂ ಬೇಡ. ಇಡೀ ಒಣಕೊಬ್ಬರಿ ಗಿಟುಕನ್ನು ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುತ್ತದೆ ಎಂದು ವಿಮಾನಕ್ಕೇ ಬಿಡುವುದಿಲ್ಲ. ಇನ್ನೊಂದು, ಗಸಗಸೆ. ದುಬೈ ಅಥವಾ ಅಬುಧಾಬಿ ಮೇಲೆ ಹೋಗುವವರಿದ್ದರೆ ಒಂದು ಚಮಚವೂ ಬೇಡ. ಅಲ್ಲಿ ಅದು ನಿಷಿದ್ಧ ವಸ್ತು. ನಮಗೆ ಅದು ಪಾಯಸದ ಸಾಮಾನು, ಅವರಿಗೆ ಅಫೀಮಿನ ಬೀಜ.

ವಾಂತಿಯ ವಿಷಯ. ಆಷಾಢದ ಅರಬ್ಬಿ ಸಮುದ್ರ ನೋಡಿ ಬೆಳೆದ ನನಗೆ ಸೆಪ್ಟೆಂಬರ್‌ನ ಮೆಡಿಟರೇನಿಯನ್ ಬಹುತೇಕ ದಿನ ದೊಡ್ಡ ಕೆರೆಯಂತೆ ಕಂಡಿದೆ. ಜೊತೆಗೆ ದೊಡ್ಡ ಹಡಗುಗಳ ಎರಡೂ ಬದಿಯಲ್ಲಿ ನೀರಿನೊಳಗೆ ಮೀನಿನ ರೆಕ್ಕೆಯಂಥವು ಇರುತ್ತವೆ, ಅಕ್ಕಪಕ್ಕದ ಓಲಾಟ ತಗ್ಗಿಸುತ್ತವೆ. ತಲೆಸುತ್ತು ಬರುವುದು ಕಿವಿಗೂ ಕಣ್ಣಿಗೂ ಜಗಳ ಬಿದ್ದಾಗ. ಒಳಕಿವಿ ‘ಅಲುಗಾಡುತ್ತಿದ್ದೇವೆ’ ಅನ್ನುತ್ತದೆ, ಕ್ಯಾಬಿನ್ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲವಲ್ಲ’ ಅನ್ನುತ್ತದೆ. ಹೊರಗೆ ಬಂದು ದೂರದ ಸಮುದ್ರದಂಚು ನೋಡಿದರೆ ಇಬ್ಬರಿಗೂ ರಾಜಿಯಾಗುತ್ತದೆ. ಕ್ಯಾಬಿನ್ ಆಯ್ಕೆ ಇನ್ನೂ ಬಾಕಿ ಇದ್ದರೆ ಹಡಗಿನ ನಡುಭಾಗ, ಕೆಳಗಿನ ಡೆಕ್ ಕೇಳಿ. ತೂಗುಯ್ಯಾಲೆಯ ನಡುವೆ ಕೂತವರಿಗೆ ತೂಗಾಟ ಕಡಿಮೆ ಅಲ್ವಾ, ಹಾಗೆ.

ಮಾತ್ರೆ ಬೇಕೆಂದರೆ ನಮ್ಮಲ್ಲಿ ಅವೊಮಿನ್ ಎಲ್ಲರಿಗೂ ಗೊತ್ತು. ವಾಂತಿ ಶುರುವಾದ ಮೇಲಲ್ಲ, ಮೊದಲೇ ತೆಗೆದುಕೊಳ್ಳಬೇಕು. ಆದರೆ ನಿದ್ದೆ ಎಳೆಯುತ್ತದೆ, ಬಾಯಿ ಒಣಗುತ್ತದೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಇರುವವರಿಗೆ ಆಗಿಬರುವುದಿಲ್ಲ. ನಿಮ್ಮ ಯಜಮಾನರ ವಯಸ್ಸಿಗೆ ಡಾಕ್ಟರರನ್ನು ಕೇಳಿಯೇ ಒಯ್ಯಿರಿ. ಇನ್ಸುಲಿನ್ ಹಾಕಿಕೊಂಡು ಆಮೇಲೆ ಊಟ ಸೇರದಿದ್ದರೆ ಸಕ್ಕರೆ ಇಳಿದು ಬೀಳುವ ಅಪಾಯ ಬೇರೆ. ಅದಕ್ಕೆ ಗ್ಲೂಕೋಸ್ ಬಿಸ್ಕತ್ತು, ಒಂದಿಷ್ಟು ಸಕ್ಕರೆ ಮಿಠಾಯಿ ಸದಾ ಚೀಲದಲ್ಲಿರಲಿ. ಹಡಗಿನಲ್ಲಿ ಅಲೆಗಿಂತ ಜಾಸ್ತಿ ವಾಂತಿ ತರಿಸುವುದು ನೊರೊವೈರಸ್. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಬಫೆಗೆ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ.

ಅಲೆಯ ನಿಜವಾದ ಕಾಟ ಬೇರೆ ಕಡೆ. ಗ್ರೀಸ್, ಟರ್ಕಿ ನಡುವಿನ ಈಜಿಯನ್ ಸಮುದ್ರದಲ್ಲಿ ಬೇಸಿಗೆಯ ‘ಮೆಲ್ಟೆಮಿ’ ಗಾಳಿ ಜೋರಾಗಿದ್ದರೆ ಕ್ಯಾಪ್ಟನ್ ಸ್ಯಾಂಟೊರಿನಿಯನ್ನೋ ಮಿಕೊನೊಸ್‌ ಅನ್ನೋ ಬಿಟ್ಟು ಮುಂದೆ ಹೋಗಬಹುದು. ಅದು ಅವರ ಹಕ್ಕು, ಟಿಕೆಟ್ ಕರಾರಿನಲ್ಲೇ ಇರುತ್ತದೆ. ಬೇಸರವಾಗುತ್ತದೆ, ಆದರೆ ಕೌಂಟರಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ನಾನು ಅಂಥ ಜಗಳ ನೂರಾರು ಕೇಳಿಸಿಕೊಂಡಿದ್ದೇನೆ.

ನಿಮ್ಮ ಮಂಡಿಗೆ ಪರೀಕ್ಷೆ ಇರುವುದು ಸ್ಯಾಂಟೊರಿನಿಯಲ್ಲಿ. ಅಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನೀರು ತುಂಬಿದೆ, ಅದರ ನಡುವೆ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಯಲ್ಲಿ ದಡಕ್ಕೆ. ದಡದಿಂದ ಫಿರಾ ಊರು ನೇರ ಬಂಡೆಯ ನೆತ್ತಿಯ ಮೇಲೆ. ಮೇಲೆ ಹೋಗಲು ಕೇಬಲ್ ಕಾರ್ ಇದೆ, ಇಲ್ಲವೇ 580ಕ್ಕೂ ಹೆಚ್ಚು ಮೆಟ್ಟಿಲು, ಇಲ್ಲವೇ ಕತ್ತೆ. ಮೆಟ್ಟಿಲು ಇಳಿಯುವುದು ಸುಲಭ ಅಂದುಕೊಳ್ಳಬೇಡಿ, ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೇಲಾಗಿ ಕತ್ತೆಗಳೂ ಅದೇ ದಾರಿಯಲ್ಲಿ ಓಡಾಡುತ್ತವೆ, ಸಗಣಿ ಮೇಲೆ ಜಾರುತ್ತದೆ. ನಾಲ್ಕೈದು ಹಡಗು ಒಟ್ಟಿಗೆ ಬಂದ ದಿನ ಕೇಬಲ್ ಕಾರಿನ ಸಾಲು ಗಂಟೆಗಟ್ಟಲೆ ಇರುತ್ತದೆ, ವಾಪಸ್ ಬರುವಾಗ ಇನ್ನೂ ಜಾಸ್ತಿ. ನಿಮಗೆ ನನ್ನ ಸಲಹೆ: ಇಲ್ಲೊಂದು ಕಡೆ ದುಡ್ಡು ನೋಡದೆ ಹಡಗಿನವರದೇ ಪ್ರವಾಸ ತೆಗೆದುಕೊಳ್ಳಿ. ಅವರು ಸಾಮಾನ್ಯವಾಗಿ ಅಥಿನಿಯೊಸ್ ಎಂಬ ಬೇರೆ ಬಂದರಿಗೆ ಇಳಿಸಿ ಬಸ್ಸಿನಲ್ಲಿ ಮೇಲೆ ಕರೆದೊಯ್ಯುತ್ತಾರೆ. ಇಳಿಯುವಾಗ ಕೇಬಲ್ ಕಾರ್ ಇರಬಹುದು, ಬುಕ್ ಮಾಡುವ ಮೊದಲು ಕೇಳಿ. 2025ರ ಜುಲೈನಿಂದ ಗ್ರೀಸ್ ಕ್ರೂಸ್ ಪ್ರಯಾಣಿಕರ ಮೇಲೆ ತೆರಿಗೆ ಹಾಕಿದೆ. ಸ್ಯಾಂಟೊರಿನಿ, ಮಿಕೊನೊಸ್‌ಗೆ ಸೀಸನ್‌ನಲ್ಲಿ ತಲೆಗೆ 20 ಯೂರೊ. ಹಡಗಿನ ಬಿಲ್ಲಿನಲ್ಲಿ ಆ ಸಾಲು ಕಂಡರೆ ಮೋಸ ಅಂದುಕೊಳ್ಳಬೇಡಿ.

ಹಡಗು ಬಿಟ್ಟು ಹೋಗುವ ಮಾತು. ಹಡಗಿನವರ ಪ್ರವಾಸದಲ್ಲಿ ಹೋದ ಬಸ್ಸು ತಡವಾದರೆ ಕಾಯುತ್ತಾರೆ. ನೀವಾಗಿಯೇ ಟ್ಯಾಕ್ಸಿಯಲ್ಲೋ ರೈಲಿನಲ್ಲೋ ಹೋಗಿ ತಡವಾದರೆ ಕಾಯುವುದಿಲ್ಲ. ಬಂದರಿನಲ್ಲಿ ಒಂದು ಗಂಟೆ ಜಾಸ್ತಿ ನಿಂತರೆ ಮುಂದಿನ ಬಂದರಿನ ಜಾಗ, ಇಂಧನ ಎಲ್ಲದರ ಲೆಕ್ಕ ತಪ್ಪುತ್ತದೆ. ಡೆಕ್ ಮೇಲೆ ಸಾವಿರ ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ, ಕೆಳಗೆ ದಡದ ಮೇಲೆ ಇಬ್ಬರು ಐಸ್‌ಕ್ರೀಂ ಹಿಡಿದು ಓಡಿ ಬರುತ್ತಿರುತ್ತಾರೆ. ಏಣಿ ಎತ್ತಿಯಾಗಿರುತ್ತದೆ.

ಬಹಳ ಸಲ ಇದಕ್ಕೆ ಕಾರಣ ಸೋಮಾರಿತನವಲ್ಲ, ಗಡಿಯಾರ. ಇಟಲಿಯಿಂದ ಗ್ರೀಸ್‌ಗೆ ಹೋದಾಗ ಒಂದು ಗಂಟೆ ವ್ಯತ್ಯಾಸ. ಕೆಲವು ಹಡಗು ತನ್ನ ಸಮಯ ಬದಲಿಸುತ್ತದೆ, ಕೆಲವು ಇಲ್ಲ. ಫೋನು ತನ್ನಷ್ಟಕ್ಕೆ ಇನ್ನೇನೋ ತೋರಿಸುತ್ತದೆ. ಮನೆಯಲ್ಲಿ ಹಳೆಯ ಎಚ್‌ಎಂಟಿ ವಾಚ್ ಇದ್ದರೆ ಯಜಮಾನರ ಕೈಗೆ ಕಟ್ಟಿ, ಹಡಗಿನ ಸಮಯಕ್ಕೆ ಹೊಂದಿಸಿ. ಎಲ್ಲರೂ ಹತ್ತಿರಬೇಕಾದ ಹೊತ್ತು ದಿನಾ ಇಳಿಯುವ ಬಾಗಿಲಲ್ಲಿ ಬರೆದಿರುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ಬಂದರಿನಲ್ಲಿ ಹಡಗಿನವರ ಪರವಾಗಿ ಕೆಲಸ ಮಾಡುವ ಏಜೆಂಟರ ನಂಬರ್ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿರುತ್ತದೆ, ಅದೂ ಚೀಲದಲ್ಲಿರಲಿ. ಇದೇ ಕಾರಣಕ್ಕೆ ರೋಮ್‌ಗೆ ಒಂದು ದಿನ ಮೊದಲೇ ತಲುಪಿ. ಚಿವಿತಾವೆಕ್ಕಿಯಾ ರೋಮ್‌ನಿಂದ ಸುಮಾರು 80 ಕಿಲೋಮೀಟರ್ ದೂರ. ಹಡಗು ಹೊರಡುವ ದಿನವೇ ವಿಮಾನ ಇಳಿದು ಅಲ್ಲಿಗೆ ಓಡುವುದು ನಿಮ್ಮ ವಯಸ್ಸಿಗೆ ಬೇಡ.

ಫೋನ್ ಅಂದಾಗ ನೆನಪಾಯಿತು. ಹಡಗು ಬಂದರು ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಳ್ಳುತ್ತದೆ. ನಿಮ್ಮ ಯುರೋಪ್ ರೋಮಿಂಗ್ ಪ್ಯಾಕ್ ಅದಕ್ಕೆ ನಡೆಯುವುದಿಲ್ಲ. ಮೊಮ್ಮಗಳ ಒಂದು ವಿಡಿಯೊ ನೋಡಿದ್ದಕ್ಕೆ ವಿಮಾನದ ಟಿಕೆಟ್‌ನಷ್ಟು ಬಿಲ್ ಬಂದ ಅಜ್ಜಿಯೊಬ್ಬರು ನನ್ನ ಕೌಂಟರಿನಲ್ಲಿ ಅತ್ತಿದ್ದರು.

ಯಾರೂ ಕೇಳದ, ಆದರೆ ಎಲ್ಲರಿಗೂ ಬೇಕಾದ ಒಂದು ಸಾಮಾನು ಹೇಳುತ್ತೇನೆ. ಪ್ಲಾಸ್ಟಿಕ್ ಮಗ್. ಹಡಗಿನ ಟಾಯ್ಲೆಟ್ಟಿನಲ್ಲಿ ಬರೀ ಕಾಗದ. ಮಗ್ಗಿನೊಳಗೆ ಸಾಕ್ಸ್ ತುಂಬಿ ಸೂಟ್‌ಕೇಸಿಗೆ ಹಾಕಿ, ಜಾಗವೂ ದಂಡವಾಗುವುದಿಲ್ಲ. ಹಾಗೇ ಎರಡು ಅಯಸ್ಕಾಂತದ ಕೊಕ್ಕೆ. ಕ್ಯಾಬಿನ್ ಗೋಡೆ ಕಬ್ಬಿಣದ್ದು, ಕೊಕ್ಕೆ ಅಂಟಿಕೊಳ್ಳುತ್ತದೆ, ಟೋಪಿ ಚೀಲ ತೂಗುಹಾಕಬಹುದು. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ನಡೆಯುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಹಡಗು ಹತ್ತಿದ ದಿನ ಲೈಫ್ ಜಾಕೆಟ್, ಸೇರುವ ಜಾಗ ತೋರಿಸುವ ಡ್ರಿಲ್ ಇರುತ್ತದೆ. ತಪ್ಪಿಸಿಕೊಳ್ಳಬೇಡಿ. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಇದೇ ಚಿವಿತಾವೆಕ್ಕಿಯಾದಿಂದ ಹೊರಟ ಸಂಜೆಯೇ ಜಿಲಿಯೊ ದ್ವೀಪದ ಬಂಡೆಗೆ ಬಡಿಯಿತು, 32 ಜನ ಸತ್ತರು. ಅಂದು ಅಲ್ಲಿ ಹತ್ತಿದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಡ್ರಿಲ್ ಮಾಡಬೇಕು ಎಂಬ ನಿಯಮ ಬಂದದ್ದು ಆಮೇಲೆ. ಹದಿನೈದು ನಿಮಿಷದ ಕೆಲಸ.

ಇಷ್ಟೆಲ್ಲ ಲೆಕ್ಕ ಹಾಕಿದರೆ ನಿಮ್ಮ ಮಗ ಹೇಳಿದ್ದು ಮುಕ್ಕಾಲು ಪಾಲು ಸರಿ. ಇಬ್ಬರಿಗೆ ಒಂದೊಂದು ಮಧ್ಯಮ ಗಾತ್ರದ ಸೂಟ್‌ಕೇಸ್. ಇಬ್ಬರ ಬಟ್ಟೆಯನ್ನೂ ಎರಡರಲ್ಲೂ ಹಂಚಿ ಹಾಕಿ, ವಿಮಾನದಲ್ಲಿ ಒಂದು ತಪ್ಪಿಸಿಕೊಂಡರೂ ಇಬ್ಬರೂ ಬಟ್ಟೆ ಬದಲಿಸಬಹುದು. ಕ್ಯಾಬಿನ್ ಚಿಕ್ಕದು, ಖಾಲಿ ಪೆಟ್ಟಿಗೆ ಮಂಚದ ಕೆಳಗೆ ಹೋಗಬೇಕು. ಮೂರನೆಯದನ್ನು ಇವತ್ತೇ ಅಟ್ಟಕ್ಕೆ ಏರಿಸಿ.

ಕೊನೆಯ ರಾತ್ರಿಯದೊಂದು ಉಳಿಯಿತು. ಆ ರಾತ್ರಿ ಮಲಗುವ ಮೊದಲು ಪೆಟ್ಟಿಗೆಯನ್ನು ಕಾರಿಡಾರಿನಲ್ಲಿಡಬೇಕು. ಬೆಳಗ್ಗೆ ಅದು ಸಿಗುವುದು ಹಡಗಿನಿಂದ ಇಳಿದ ಮೇಲೆ, ದಡದಲ್ಲಿ. ಒಮ್ಮೆ ಬೆಳಗಿನ ಆರಕ್ಕೆ ನಮ್ಮವರೊಬ್ಬರು ಬನಿಯನ್, ಲುಂಗಿಯಲ್ಲಿ ಕೌಂಟರಿಗೆ ಬಂದು ಪಿಸುದನಿಯಲ್ಲಿ ಮಾತಾಡಿದರು. ಅವರ ಮನೆಯವರು ಬಹಳ ಅಚ್ಚುಕಟ್ಟು, ಹಿಂದಿನ ರಾತ್ರಿ ಪ್ಯಾಂಟೂ ಅಂಗಿಯೂ ಒಂದೂ ಬಿಡದೆ ಮಡಿಸಿ ಪೆಟ್ಟಿಗೆಗೆ ತುಂಬಿ ಹೊರಗಿಟ್ಟಿದ್ದರು. ಹಡಗಿನ ಅಂಗಡಿ ಇನ್ನೂ ತೆರೆದಿರಲಿಲ್ಲ. ಕೊನೆಗೆ ನನ್ನದೇ ಒಂದು ಪ್ಯಾಂಟ್ ಕೊಟ್ಟೆ, ಸೊಂಟ ಸಾಲಲಿಲ್ಲ, ಪಿನ್ನು ಹಾಕಿಕೊಂಡು ಇಳಿದರು. ನಾಳೆ ಬೆಳಗಿನ ಬಟ್ಟೆ, ಇನ್ಸುಲಿನ್, ಪಾಸ್‌ಪೋರ್ಟ್, ಇಷ್ಟನ್ನು ಕೈಚೀಲಕ್ಕೆ ಹಾಕಿದ ಮೇಲೆಯೇ ಸೂಟ್‌ಕೇಸಿನ ಜಿಪ್ ಎಳೆಯಿರಿ.